ಡೈರಿ ಪುಸ್ತಕ ತಂದ ಅಜ್ಜಿ, ನಮ್ಮ ಶಾಲೆಯ ನಾಲ್ಕು ಗುರಿ

2023ರ ಜೂನ್ ಮೊದಲ ವಾರ. ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುತ್ತಿದ್ದರು. ಐದನೇ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಗೇಟಿನ ಹತ್ತಿರ ನಿಂತಿದ್ದರು. ಕರೆದೆ. ಬಂದವರೇ ಸೆರಗಿನ ಒಳಗಿಂದ ಡೈರಿಯ ಹಾಲಿನ ಪುಸ್ತಕ ತೆಗೆದರು. "ಮಿಸ್ಸು, ಈ ಸಲ ಬಟವಾಡೆ ಎಷ್ಟ್ ಬತ್ತದೆ ವಸಿ ನೋಡೇಳಿ. ನಮ್ ಕೂಸ್ನ ಕೇಳ್ದೆ, ಇದು ನಮ್ ಬುಕ್ಕಲ್ಲಿ ಇಲ್ಲ ಕಣಜ್ಜಿ ಅಂದ್ಬುಡ್ತು" ಅಂದರು.

ಆ ಹುಡುಗಿ ಲೆಕ್ಕದಲ್ಲಿ ನಮ್ಮ ಶಾಲೆಗೇ ಮುಂದು. ಮೂರಂಕಿಯ ಗುಣಾಕಾರ ತಪ್ಪಿಲ್ಲದೆ ಮಾಡುತ್ತಾಳೆ. ಕರೆದು ಪುಸ್ತಕ ಕೊಟ್ಟೆ. ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ), ದರ, ಹಣ. ಅವಸರದ ಬಾಲ್‌ಪೆನ್ನಿನ ಬರಹ. ಅವಳ ಬೆರಳು 4.1 ಅನ್ನುವಲ್ಲಿ ನಿಂತುಬಿಟ್ಟಿತು. "ಇದು ನಾಲ್ಕಾ, ನಲವತ್ತೊಂದಾ ಮಿಸ್?" ಅಂದಳು.

ಈ ಮಗು ಒಂದನೇ ತರಗತಿಯಿಂದ ನನ್ನ ಕೈಯಲ್ಲೇ ಕಲಿತದ್ದು. ಮನೆಯಲ್ಲಿ ದಿನಕ್ಕೆರಡು ಸಲ ಹಾಲು ಕರೆಯುತ್ತಾರೆ. ಕ್ಯಾನು ಹೊತ್ತು ಡೈರಿಗೆ ಹೋಗುವವಳೂ ಅವಳೇ. ಆ ಪುಸ್ತಕಕ್ಕೂ ನನ್ನ ಪಾಠಕ್ಕೂ ಸಂಬಂಧವೇ ಇರಲಿಲ್ಲ. ಅಜ್ಜಿಗೆ ಲೆಕ್ಕ ಹೇಳಿ ಕಳಿಸಿದೆ. ಆದರೆ ಆ ದಿನ ನನಗೆ ಬೇರೆ ಕೆಲಸಕ್ಕೆ ಮನಸ್ಸು ಬರಲಿಲ್ಲ.

ನಮ್ಮದು ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಒಂದು ಸಣ್ಣ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿವರೆಗೆ 26 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಹಾಗಾಗಿ ನಾನು, ನನ್ನ ಜೊತೆ ಒಬ್ಬ ಮೇಷ್ಟ್ರು. ಒಂದು, ಎರಡು, ಮೂರು ನಲಿಕಲಿ ಕೋಣೆಯಲ್ಲಿ; ಮೂರೂ ತರಗತಿ ಒಟ್ಟಿಗೆ ಕೂತು ಕಾರ್ಡು, ಚಟುವಟಿಕೆಯಿಂದ ಕಲಿಯುವ ಪದ್ಧತಿ ಅದು. ನಾಲ್ಕು, ಐದು ಪಕ್ಕದ ಕೋಣೆಯಲ್ಲಿ.

ಅದೇ ವಾರ ಶಾಲಾ ಅಭಿವೃದ್ಧಿ ಯೋಜನೆಯ ನಮೂನೆ ತುಂಬಬೇಕಿತ್ತು. ಅದರಲ್ಲಿ ಶಾಲೆಯ ಗುರಿ ಬರೆಯಲು ಒಂದು ಜಾಗ ಇರುತ್ತದೆ. ಎಂಟು ವರ್ಷದಿಂದ ಅಲ್ಲಿ 'ಮಕ್ಕಳ ಸರ್ವತೋಮುಖ ಬೆಳವಣಿಗೆ' ಅಂತ ಬರೆಯುತ್ತಿದ್ದೆ. ಹಿಂದಿನ ವರ್ಷದ ಹಾಳೆ ನೋಡಿ ಇಳಿಸುವುದು, ಸಹಿ ಹಾಕುವುದು. ಈ ಸಲ ಪೆನ್ನು ಮುಂದಕ್ಕೆ ಹೋಗಲಿಲ್ಲ. ಮೇಷ್ಟ್ರಿಗೆ ಹೇಳಿದೆ, "ಇದನ್ನ ಊರವರ ಜೊತೆ ಕೂತು ಬರೆಯೋಣ ಸಾರ್." ಕಾಯ್ದೆಯ 22ನೇ ಸೆಕ್ಷನ್ ಹೇಳುವುದೂ ಅದನ್ನೇ. ಯೋಜನೆ ಮಾಡಬೇಕಾದ್ದು ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನಾವು ಮಾಡಿ ಅವರ ಸಹಿ ಇಸಿದುಕೊಳ್ಳುವುದು ಅಭ್ಯಾಸ ಆಗಿಹೋಗಿತ್ತು, ಅಷ್ಟೇ.

ಮೊದಲ ಸಭೆ ಬೆಳಿಗ್ಗೆ 11ಕ್ಕೆ ಕರೆದೆವು. ಐದು ಜನ ಬಂದರು. ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುವ ಹೊತ್ತು ಅದು, ಕೂಲಿ ಬಿಟ್ಟು ಯಾರು ಬರುತ್ತಾರೆ? ಎರಡನೇ ಸಲ ಸಂಜೆ ಏಳೂವರೆಗೆ, ಹಾಲು ಹಾಕಿ ಬಂದ ಮೇಲೆ, ಅರಳಿಕಟ್ಟೆಯಲ್ಲಿ ಸೇರಿದೆವು. ಜನ ತುಂಬಿತು. ಮಾತೂ ಚೆನ್ನಾಗಿ ನಡೆಯಿತು. ಗೆದ್ದೆವು ಅಂದುಕೊಂಡು ಮನೆಗೆ ಹೋದೆ.

ಮಾರನೇ ದಿನ ದಲಿತರ ಕಾಲೋನಿಯ ತಾಯಿಯೊಬ್ಬರು ಮಗುವನ್ನು ಬಿಡಲು ಬಂದರು. "ನಿನ್ನೆ ನೀವು ದೂರದಲ್ಲಿ ನಿಂತಿದ್ರಿ, ಏನೂ ಮಾತಾಡ್ಲಿಲ್ಲ ಅಲ್ವಾ?" ಅಂದೆ. ಅವರು ನನ್ನ ಮುಖ ನೋಡದೆ ಹೇಳಿದರು: "ಆ ಕಟ್ಟೆ ಮ್ಯಾಲೆ ನಾವ್ ಬಂದು ಎಲ್ಲಿ ಕುಂತ್ಕಳಾದು ಮಿಸ್ಸು?"

ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ 26 ಮಕ್ಕಳಲ್ಲಿ 11 ಮಕ್ಕಳು ಕಾಲೋನಿಯವರು. ಹಿಂದಿನ ರಾತ್ರಿ ಲೈಟು ಕಂಬದ ಹತ್ತಿರ ಗುಂಪಾಗಿ ನಿಂತಿದ್ದವರು ಈ ಮಕ್ಕಳ ಅಪ್ಪ-ಅಮ್ಮಂದಿರು. ಜಾಗ ಆರಿಸುವಾಗ ನನಗದು ಹೊಳೆಯಲೇ ಇಲ್ಲ. ಇಷ್ಟು ವರ್ಷ ಈ ಊರಲ್ಲಿದ್ದೂ ಹೊಳೆಯಲಿಲ್ಲ. ಆ ಎರಡನೇ ಸಭೆಯ ಪಟ್ಟಿಯನ್ನು ಪಕ್ಕಕ್ಕಿಟ್ಟೆವು. ಅರ್ಧ ಊರು ಬಾಯಿ ಬಿಡದ ಸಭೆಯ ಪಟ್ಟಿ ಅದು.

ಮೂರನೇ ಸಭೆ ಶಾಲೆಯ ಅಂಗಳದಲ್ಲಿ. ಸಂಜೆ ಹೊತ್ತೇ. ನಾಲ್ಕು ಜಮಖಾನ ಜೋಡಿಸಿ ದುಂಡಗೆ ಹಾಸಿದೆವು. ಮಕ್ಕಳೇ ಅಪ್ಪ-ಅಮ್ಮನ ಕೈ ಹಿಡಿದು ಕೂರಿಸಿದರು. ಮಕ್ಕಳು ಗೆಳೆಯರ ಪಕ್ಕ ಕೂತುಕೊಂಡವು, ದೊಡ್ಡವರು ಮಕ್ಕಳ ಪಕ್ಕ. ಒಂದಿಬ್ಬರು ಗೋಡೆಗೆ ಒರಗಿ ನಿಂತೇ ಇದ್ದರು. ಉಳಿದವರೆಲ್ಲ ಕೂತರು.

ಪ್ರಶ್ನೆಯನ್ನೂ ಬದಲಿಸಿದ್ದೆ. ಕಟ್ಟೆಯ ಸಭೆಯಲ್ಲಿ 'ನಿಮ್ಮ ಮಕ್ಕಳು ಏನಾಗಬೇಕು?' ಅಂತ ಕೇಳಿದ್ದೆ. ಇಂಜಿನಿಯರ್, ಪೊಲೀಸ್, ಡಾಕ್ಟ್ರು ಅಂದಿದ್ದರು. ಜೊತೆಗೆ ಎಲ್ಲರೂ ಒಟ್ಟಾಗಿ ಇಂಗ್ಲಿಷ್ ಅಂದಿದ್ದರು. ಅದರಿಂದ ನಾಳೆ ತರಗತಿಯಲ್ಲಿ ಏನು ಮಾಡಬೇಕು ಅನ್ನುವುದು ಗೊತ್ತಾಗುವುದಿಲ್ಲ. ಈ ಸಲ ಕೇಳಿದ್ದು ಹೀಗೆ: "ಐದನೇ ಕ್ಲಾಸು ಮುಗಿಸಿ ನಿಮ್ಮ ಮಗು ಪಕ್ಕದೂರಿನ ಶಾಲೆಗೆ ಹೋಗುತ್ತೆ. ಅಷ್ಟೊತ್ತಿಗೆ ಅದಕ್ಕೆ ಏನೇನು ಮಾಡೋಕೆ ಬರಬೇಕು?"

ಮಾತು ಬಂದವು. ಮೇಷ್ಟ್ರು ಹಲಗೆ ಮೇಲೆ ಬರೆಯುತ್ತಾ ಹೋದರು. ಮಾತ್ರೆ ಚೀಟಿ ಓದಬೇಕು. ಬಸ್ಸಿನ ಬೋರ್ಡು ಓದಬೇಕು. ಅಂಗಡಿಯಲ್ಲಿ ಚಿಲ್ಲರೆ ಸರಿಯಾಗಿ ಇಸಿದುಕೊಂಡು ಬರಬೇಕು. ಡೈರಿ ಅಜ್ಜಿ ತಮ್ಮ ಪುಸ್ತಕ ಎತ್ತಿ ತೋರಿಸಿದರು. ಒಬ್ಬ ತಂದೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ತಾಲ್ಲೂಕಾಪೀಸ್ಗೋದ್ರೆ ನಾನ್ ಕೈ ಕಟ್ಕಂಡ್ ನಿಂತ್ಕತೀನಿ. ನನ್ ಐಕ್ಳು ಹಂಗ್ ನಿಂತ್ಕಬಾರ್ದು."

ಆಮೇಲೆ ಒಬ್ಬ ತಾಯಿ "ನಾಲೆ" ಅಂದರು. ಮುಂದಕ್ಕೆ ಮಾತಾಡಲಿಲ್ಲ. ಮಾತಾಡುವ ಅಗತ್ಯವೂ ಇರಲಿಲ್ಲ. 2018ರ ನವೆಂಬರ್‌ನಲ್ಲಿ ನಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ನಮ್ಮೂರಿನ ದಾರಿಯೂ ನಾಲೆ ಏರಿ ಮೇಲೆಯೇ. ಹಲಗೆಯ ಮೇಲೆ 'ನಾಲೆ' ಅನ್ನುವ ಒಂದೇ ಪದ ಬರೆದು ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ಮಕ್ಕಳನ್ನೂ ಕೇಳಿದೆವು. ಚಿಕ್ಕವರಿಗೆ ಚಿತ್ರ ಬರೆಯಲು ಹೇಳಿ ನಲಿಕಲಿ ಕೋಣೆಯ ಚಪ್ಪರಕ್ಕೆ ತೂಗು ಹಾಕಿದೆವು. ಟ್ರ್ಯಾಕ್ಟರ್, ಆಲೆಮನೆ, ವಿಮಾನ. ನಾಲ್ಕನೇ ತರಗತಿ ಹುಡುಗ 'ಕನ್ನಂಬಾಡಿ ಕಟ್ಟೆ ನೋಡಬೇಕು' ಅಂತ ಬರೆದಿದ್ದ. ಕನ್ನಂಬಾಡಿ ಕಟ್ಟೆ ಅಂದರೆ ಕೆಆರ್‌ಎಸ್ ಅಣೆಕಟ್ಟು, ನಮ್ಮ ಗದ್ದೆಗೆ ನೀರು ಬರುವುದು ಅಲ್ಲಿಂದ. ಎಣಿಸಿದರೆ 26ರಲ್ಲಿ 9 ಮಕ್ಕಳು ಮಾತ್ರ ಆ ಕಟ್ಟೆ ನೋಡಿದ್ದರು.

ಪಟ್ಟಿ ಉದ್ದ ಆಯಿತು. ನಾನೂ ಮೇಷ್ಟ್ರೂ ಶನಿವಾರ ಮಧ್ಯಾಹ್ನ ಕೂತು 11 ಸಾಲಿಗೆ ತಂದೆವು. ಸಮೂಹ ಸಂಪನ್ಮೂಲ ವ್ಯಕ್ತಿ, ಅಂದರೆ ನಮ್ಮ ಸಿಆರ್‌ಪಿ, ಒಂದು ದಿನ ಬಂದವರು ಅದನ್ನು ಓದಿ ಪ್ರತಿ ಸಾಲಿಗೂ ಎರಡು ಪ್ರಶ್ನೆ ಹಾಕಿದರು. "ಇದಕ್ಕೆ ಸೋಮವಾರ ಏನು ಮಾಡ್ತೀರಾ ಮೇಡಂ? ಆಗಿದೆ ಅಂತ ಹೇಗೆ ಗೊತ್ತಾಗುತ್ತೆ?" ಉತ್ತರ ಇಲ್ಲದ ಸಾಲನ್ನು ಹೊಡೆದು ಹಾಕಿದೆವು. 'ಉತ್ತಮ ನಾಗರಿಕರಾಗಬೇಕು' ಹೋಯಿತು. 'ಶಿಸ್ತು' ಹೋಯಿತು. ನಿಜ ಹೇಳಬೇಕೆಂದರೆ ಶಿಸ್ತನ್ನು ಬಿಡುವುದು ನನಗೇ ಕಷ್ಟ ಆಯಿತು. ಆದರೆ ಶಿಸ್ತು ಅಂದಾಗ ನನ್ನ ಕಣ್ಣಿಗೆ ಬರುತ್ತಿದ್ದದ್ದು ಬಾಯಿಗೆ ಬೆರಳಿಟ್ಟು ಕೂತ ಮಕ್ಕಳು. ಕೈ ಕಟ್ಟಿಕೊಂಡು ನಿಲ್ಲುವುದನ್ನು ಅಲ್ಲೇ ಕಲಿಸುತ್ತಿದ್ದೆವಲ್ಲ.

ಆ ವಾರ ಕಾಯ್ದೆಯ 29ನೇ ಸೆಕ್ಷನ್ ಮತ್ತೆ ಓದಿದೆ. ಪಠ್ಯಕ್ರಮ ಹೇಗಿರಬೇಕು ಅನ್ನುವುದು ಅಲ್ಲಿದೆ. ಸಂವಿಧಾನದ ಮೌಲ್ಯಗಳಿಗೆ ತಕ್ಕ ಹಾಗಿರಬೇಕು, ಮಗು ಮಾಡಿ ನೋಡಿ ಹುಡುಕಿ ಕಲಿಯಬೇಕು, ಆದಷ್ಟೂ ತಾಯ್ನುಡಿಯಲ್ಲೇ ಕಲಿಯಬೇಕು, ಮಗುವಿಗೆ ಭಯ ಇರಬಾರದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಐದು ತತ್ವಗಳಲ್ಲಿ ಮೊದಲನೆಯದೇ ಶಾಲೆಯ ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸುವುದು. ಬಾಯಿಪಾಠ ಬಿಡಿಸುವುದು ಎರಡನೆಯದು. ತರಬೇತಿಯಲ್ಲಿ ಇವನ್ನು ಎಷ್ಟೋ ಸಲ ಕೇಳಿ ಬರೆದುಕೊಂಡಿದ್ದೇನೆ. ಆದರೂ ಅಜ್ಜಿಯ ಡೈರಿ ಪುಸ್ತಕ ನೋಡಿದ ಮೇಲೆಯೇ ಆ ಮೊದಲ ಸಾಲು ಏನು ಹೇಳುತ್ತಿದೆ ಅಂತ ನನಗೆ ಅರ್ಥ ಆದದ್ದು.

'ಮೇಲಿನವರು ಕೊಟ್ಟ ಪಠ್ಯಕ್ರಮ ಇರುವಾಗ ನೀವ್ಯಾಕೆ ಬೇರೆ ಬರೀತೀರಿ' ಅಂತ ಪಕ್ಕದ ಶಾಲೆಯ ಒಬ್ಬರು ಕೇಳಿದ್ದುಂಟು. ಪಠ್ಯ ಅದೇ, ಪುಸ್ತಕ ಅದೇ. ಈ ಊರಿನ ಮಗುವಿಗೆ ಅದರಲ್ಲಿ ಯಾವುದನ್ನು ಗಟ್ಟಿಯಾಗಿ ಹಿಡಿದು ಕಲಿಸಬೇಕು ಅನ್ನುವುದಷ್ಟೇ ನಮ್ಮ ಕೆಲಸ. ನಲಿಕಲಿ ಹುಟ್ಟಿದ್ದು ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದ ನಮ್ಮಂಥ ಹಳ್ಳಿ ಶಾಲೆಯ ಮೇಷ್ಟ್ರುಗಳೇ ಕೂತು ಕಾರ್ಡು ಮಾಡಿದರು. ಅವರಿಗೆ ಆದದ್ದು ನಮಗೂ ಆಗಬೇಕು.

ಕೊನೆಗೆ ನಾಲ್ಕು ಸಾಲು ಉಳಿದವು. ಓದು, ಲೆಕ್ಕ ಮನೆಗೆ ಉಪಯೋಗ ಆಗಬೇಕು. ಹೆದರದೆ ಕೇಳಬೇಕು, ಹೇಳಬೇಕು. ನಮ್ಮೂರು ಗೊತ್ತಿರಬೇಕು, ಊರಾಚೆಯೂ ನೋಡಿರಬೇಕು. ಯಾರನ್ನೂ ಬಿಟ್ಟು ಆಡಬಾರದು, ಬಿಟ್ಟು ಉಣ್ಣಬಾರದು.

ನಾಲ್ಕನೆಯದು ಸುಲಭಕ್ಕೆ ಉಳಿಯಲಿಲ್ಲ. ಜುಲೈನ ಸಭೆಯಲ್ಲಿ ಓದಿದಾಗ ಹಿರಿಯರೊಬ್ಬರು, "ಊರಲ್ಲಿರದ್ನ ಇಸ್ಕೂಲಲ್ಲಿ ಯಾಕ್ ಬರೀತೀರಿ ಮೇಡಮ್ಮು? ಸುಮ್ನೆ ಜಗಳ" ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಜಗಳದ ಭಯ ಇತ್ತು. 29ನೇ ಸೆಕ್ಷನ್ ಓದಿ ಹೇಳಿದೆ. ಅದಕ್ಕೆ ಯಾರೂ ಅಲ್ಲಾಡಲಿಲ್ಲ. ಆಗ ಕಾಲೋನಿಯ ಒಬ್ಬ ತಂದೆ, ಕೂತಲ್ಲಿಂದಲೇ, ಜೋರಿಲ್ಲದ ದನಿಯಲ್ಲಿ ಹೇಳಿದರು. "ನಾನೂ ಚಿಕ್ಕೋನಿದ್ದಾಗ ಇಸ್ಕೂಲಿಗೆ ಓದೋನೇ. ಎಲ್ಲರೂ ಲೋಟದಲ್ಲಿ ನೀರ್ ಕುಡೀತಿದ್ರು. ನಂಗೆ ಮ್ಯಾಲಿಂದ ಬೊಗಸೆಗೆ ಉಯ್ತಿದ್ರು. ನನ್ ಮಗಳಿಗೆ ಅದ್ ಬ್ಯಾಡ."

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಹಿರಿಯರು ಟವಲ್ಲಿನಿಂದ ಮುಖ ಒರೆಸಿಕೊಂಡು "ಬರ್ಕಳಿ" ಅಂದರು.

ಬರೆದುಕೊಂಡೆವು. ಬಿಸಿಯೂಟಕ್ಕೆ ಮಕ್ಕಳು ಹುಟ್ಟಿದ ತಿಂಗಳಿನ ಪ್ರಕಾರ ಸಾಲಾಗಿ ಕೂರುವುದು ಅಂತ ಶುರುಮಾಡಿದೆವು. ಮಕ್ಕಳಿಗೆ ಅದು ಆಟದ ಹಾಗೆ ಆಯಿತು. ಎರಡು ಮನೆಯಿಂದ ಮಕ್ಕಳ ಕೈಗೆ ಟಿಫನ್ ಬಾಕ್ಸ್ ಕೊಟ್ಟು ಕಳಿಸಲು ಶುರುಮಾಡಿದರು. ಏನೂ ಅನ್ನಲಿಲ್ಲ. ಬಾಕ್ಸ್ ತಂದ ಮಗುವೂ ಅದೇ ಸಾಲಿನಲ್ಲೇ ಕೂರುತ್ತಿತ್ತು. ದಸರಾ ರಜೆ ಮುಗಿದ ಮೇಲೆ ಒಂದು ಬಾಕ್ಸ್ ನಿಂತಿತು. ಇನ್ನೊಂದು ಆ ಮಗು ಶಾಲೆ ಬಿಡುವವರೆಗೂ ಬರುತ್ತಲೇ ಇತ್ತು.

ನಲಿಕಲಿ ಕೋಣೆಯ ಹವಾಮಾನ ನಕ್ಷೆಯ ಪಕ್ಕ ಇನ್ನೊಂದು ಹಾಳೆ ಅಂಟಿಸಿದೆವು. ದಿನಾ ಕೆಆರ್‌ಎಸ್ ನೀರಿನ ಮಟ್ಟ ಬರೆಯುವುದು. ಪೇಪರ್ ನೋಡಿ ಐದನೇ ತರಗತಿಯವರು ಬರೆಯುತ್ತಾರೆ. 124.80 ಅಡಿ ತುಂಬಿದ ಕಟ್ಟೆ ಅಂತ ಮಂಡ್ಯದಲ್ಲಿ ಯಾರಿಗೆ ಗೊತ್ತಿಲ್ಲ? ಇವತ್ತಿನ ಮಟ್ಟ ಕಳೆದು ಇನ್ನೆಷ್ಟು ಬೇಕು ಅಂತ ಲೆಕ್ಕ ಹಾಕುವುದು. ದಶಾಂಶ ಕಲಿಸಲು ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತು, ಕಟ್ಟೆ ತುಂಬಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಕಾವೇರಿಗಾಗಿ ಮಂಡ್ಯ ಬಂದ್ ಆಯಿತು. ಮಗುವನ್ನು ಬಿಡಲು ಬಂದ ಅಪ್ಪಂದಿರು ಕಿಟಕಿಯಿಂದ ಬಗ್ಗಿ ಆ ಹಾಳೆ ನೋಡಿ ಹೋಗುತ್ತಿದ್ದರು. ಒಬ್ಬರು ಮಗನನ್ನೇ ಕೇಳಿದರು, "ಎಷ್ಟ್ಲಾ ಇವತ್ತು?" ಅವನು ಮಟ್ಟ ಹೇಳಿ, ನಿನ್ನೆಗಿಂತ ಎಷ್ಟು ಇಳಿದಿದೆ ಅಂತಲೂ ಹೇಳಿದ. ಮುಂದಿನ ವರ್ಷ, 2024ರ ಜುಲೈ ಕೊನೆಯಲ್ಲಿ ಕಟ್ಟೆ ತುಂಬಿತು. ಆ ಸಲ ಟೆಂಪೋ ಮಾಡಿಕೊಂಡು ಎಲ್ಲ ಮಕ್ಕಳನ್ನೂ ಕರೆದುಕೊಂಡು ಹೋದೆವು. ಹಾಳೆಯಲ್ಲಿ ಬರೆದಿದ್ದ ನೀರನ್ನು ಎದುರಿಗೆ ನೋಡಿ ಮಕ್ಕಳು ಮಾತೇ ಆಡಲಿಲ್ಲ.

ಹಾಲಿನ ಪುಸ್ತಕ ವಾರಕ್ಕೊಂದು ಪಾಠ ಆಯಿತು. ಏಳು ಮನೆಯಿಂದ ಪುಸ್ತಕ ಬಂದವು. ಮೊದಲು ಓದುವುದು, ಆಮೇಲೆ ಲೀಟರು ಕೂಡುವುದು, ಆಮೇಲೆ ಹಣ. ನವೆಂಬರ್‌ನಲ್ಲಿ ಒಂದು ದಿನ ಅದೇ ಹುಡುಗಿ ಎದ್ದು ನಿಂತಳು. "ಮಿಸ್, ಲೀಟರು ಅಷ್ಟೇ ಐತೆ, ದುಡ್ಡು ಕಮ್ಮಿ ಆಗೈತೆ." ಪುಸ್ತಕದಲ್ಲಿ ಫ್ಯಾಟು 4.1 ಇದ್ದದ್ದು ಎರಡು ವಾರದಲ್ಲಿ 3.6ಕ್ಕೆ ಬಂದಿತ್ತು. ಹಾಲಿನ ದರ ಫ್ಯಾಟಿನ ಮೇಲೆ ನಿಲ್ಲುತ್ತದೆ ಅಂತ ಅವಳೇ ಕಂಡುಕೊಂಡಿದ್ದಳು. ಯಾಕೆ ಇಳಿಯಿತು ಅಂತ ನನ್ನನ್ನು ಕೇಳಿದಳು. ನನಗೆ ಗೊತ್ತಿರಲಿಲ್ಲ. "ನಿಮ್ಮಜ್ಜಿನ ಕೇಳ್ಕೊಂಡು ಬಾ" ಅಂದೆ.

ಅಜ್ಜಿಯೇ ಬಂದರು. ಮಕ್ಕಳ ಮುಂದೆ ನಿಲ್ಲಿಸಿದೆ. ಮೊದಲು ನಾಚಿಕೊಂಡರು, ಆಮೇಲೆ ಶುರುಮಾಡಿದರು. ಒಣಹುಲ್ಲು ತೀರಿಹೋಗಿತ್ತು, ಬರೀ ಹಸಿಮೇವು ಹಾಕುತ್ತಿದ್ದರು. "ಬರೀ ಅಸಿ ತಿಂದ್ರೆ ಆಲು ನೀರಾಯ್ತದೆ ಕಣ್ರವ್ವ. ಒಣುಲ್ಲೂ ಬೇಕು" ಅಂದರು. ಯಾವ ಮೇವಿಗೆ ಏನಾಗುತ್ತದೆ ಅಂತ ಅರ್ಧ ಗಂಟೆ ಹೇಳಿದರು. ಮಕ್ಕಳು ಬರೆದುಕೊಂಡರು. ಸಹಿ ಮಾಡಲು ಬಾರದ ಆ ಹೆಂಗಸಿನ ಪಾಠವನ್ನು ನಾನೂ ಮಕ್ಕಳ ಹಿಂದೆ ಕೂತು ಕೇಳಿದೆ. ಆಮೇಲೆ ಆಲೆಮನೆಯವರು ಬಂದರು. ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಸುಣ್ಣ ಯಾಕೆ ಹಾಕುತ್ತಾರೆ, ಪಾಕ ಬಂದದ್ದು ಹೇಗೆ ಗೊತ್ತಾಗುತ್ತದೆ ಅಂತ ಹೇಳಿದರು. ಪರಿಸರ ಅಧ್ಯಯನದ ಪಾಠ ಆ ತಿಂಗಳು ಊರೇ ಮಾಡಿತು.

ಹೆದರದೆ ಹೇಳುವ ಗುರಿ ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯಲ್ಲಿ ಪರೀಕ್ಷೆಗೆ ನಿಂತಿತು. ನಾಲ್ಕನೇ ತರಗತಿಯ ಹುಡುಗಿ ಎರಡು ವಿಷಯ ಕೇಳಬೇಕಿತ್ತು. ಶೌಚಾಲಯದ ನಲ್ಲಿ, ನಾಲೆ ಸೇತುವೆಗೆ ತಡೆಗೋಡೆ. ನಾವು ಬರೆದುಕೊಡಲಿಲ್ಲ. ಎದ್ದು ನಿಂತಾಗ ಅವಳ ಕೈ ನಡುಗುತ್ತಿತ್ತು. ನಲ್ಲಿಯ ವಿಷಯ ಹೇಳಿ ಕೂತುಬಿಟ್ಟಳು. ಮತ್ತೆ ಎದ್ದಳು. "ಇನ್ನೊಂದಿದೆ ಸಾರ್" ಅಂದಳು. ನಲ್ಲಿ ಒಂದು ತಿಂಗಳಲ್ಲಿ ಸರಿಹೋಯಿತು. ತಡೆಗೋಡೆ ಇನ್ನೂ ಆಗಿಲ್ಲ. ಅವಳು ಮುಂದಿನ ವರ್ಷವೂ ಅದನ್ನೇ ಕೇಳಿದಳು.

ಎಲ್ಲವೂ ಆಯಿತು ಅಂತಲ್ಲ. ಇಂಗ್ಲಿಷ್ ವಿಷಯದಲ್ಲಿ ತಂದೆ-ತಾಯಿಗಳಿಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ. ನಾಲ್ಕು ಗುರಿಯಲ್ಲಿ ಇಂಗ್ಲಿಷ್ ಇಲ್ಲ ಅಂತ ಕಂಡಾಗ ಕೆಲವರ ಮುಖ ಬಾಡಿತು. ದಿನಾ 20 ನಿಮಿಷ ಇಂಗ್ಲಿಷ್ ಮಾತಿನ ಆಟ ಶುರುಮಾಡಿದ್ದು ಜನವರಿಯಲ್ಲಿ. ಜೂನ್‌ನಲ್ಲೇ ಮಾಡಬೇಕಿತ್ತು. ಅಷ್ಟರಲ್ಲಿ ಇಬ್ಬರು ಮಕ್ಕಳನ್ನು ಕಾನ್ವೆಂಟಿಗೆ ಸೇರಿಸಲು ತೀರ್ಮಾನ ಮಾಡಿಬಿಟ್ಟಿದ್ದರು. ಬೆಳಿಗ್ಗೆ ಹಳದಿ ವ್ಯಾನು ನಮ್ಮ ಗೇಟಿನ ಮುಂದೆಯೇ ಹೋಗುತ್ತದೆ. ಆ ಇಬ್ಬರೂ ಕಿಟಕಿಯಿಂದ ಕೈ ಬೀಸುತ್ತಾರೆ. ತಾಯ್ನುಡಿಯಲ್ಲಿ ಗಟ್ಟಿಯಾದ ಮಗು ಇಂಗ್ಲಿಷನ್ನೂ ಚೆನ್ನಾಗಿ ಹಿಡಿಯುತ್ತದೆ ಅಂತ ನಾನು ನಂಬಿದ್ದೇನೆ. ಅದನ್ನು ತಂದೆ-ತಾಯಿಗೆ ಮಾತಿನಲ್ಲಿ ಹೇಳಿದರೆ ಸಾಲದು, ಮಗುವಿನ ಬಾಯಲ್ಲಿ ಕೇಳಿಸಬೇಕು.

ನಾಲ್ಕು ಸಾಲನ್ನು ಮೇಷ್ಟ್ರು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಪಕ್ಕ ಹಾಕಿದ್ದಾರೆ. ಪ್ರತಿ ಜೂನ್‌ನಲ್ಲಿ ಹೊಸದಾಗಿ ಸೇರಿದ ಮಕ್ಕಳ ಅಪ್ಪ-ಅಮ್ಮನ ಮುಂದೆ ಓದುತ್ತೇವೆ. ಏನಾದರೂ ಸೇರಿಸಬೇಕಾ, ತೆಗೆಯಬೇಕಾ ಅಂತ ಕೇಳುತ್ತೇವೆ. ಈ ಸಲ ಒಂದನೇ ತರಗತಿಗೆ ಮಗನನ್ನು ಸೇರಿಸಿದ ತಾಯಿಯೊಬ್ಬರು ಎಲ್ಲ ಕೇಳಿಸಿಕೊಂಡು, "ಈಜು ಎಲ್ಲದೆ ಇದ್ರಲ್ಲಿ?" ಅಂದರು. ಐದನೇ ಕ್ಲಾಸು ಮುಗಿಯುವುದರೊಳಗೆ ಎಲ್ಲ ಐಕಳಿಗೂ, ಹೆಣ್ಣುಮಕ್ಕಳಿಗೂ ಈಜು ಬರಬೇಕು ಅಂದರು. ಎಲ್ಲಿ ಕಲಿಸುವುದು, ಯಾರು ಕಲಿಸುವುದು, ಜವಾಬ್ದಾರಿ ಯಾರದು ಅಂತ ತುಂಬ ಮಾತಾಯಿತು. ಹಿಂದೆ 'ನಾಲೆ' ಅಂತ ಒಂದೇ ಪದ ಹೇಳಿ ಸುಮ್ಮನಾಗಿದ್ದ ತಾಯಿಯೂ ಅಲ್ಲೇ ಇದ್ದರು. ತೀರ್ಮಾನ ಆಗಿಲ್ಲ. ಶನಿವಾರ ಸಂಜೆ, ಹಾಲು ಹಾಕಿ ಬಂದ ಮೇಲೆ, ಮತ್ತೆ ಅಂಗಳದಲ್ಲಿ ಕೂರುತ್ತೇವೆ.